ಗಾಳಿಯಿಲ್ಲದ ನಳಿಕೆಯಲ್ಲಿ ಕಂಡ ಜೀವ

ಗಾಳಿಯಿಲ್ಲದೆ ಪ್ರಾಣಿ ಬದುಕದು ಎಂದು ನಂಬಿ ಬೆಳೆದವನು ನಾನು. ಕಾಲೇಜಿನ ಪ್ರಯೋಗಾಲಯದಲ್ಲಿ ಹುಲ್ಲು ನೆನೆಸಿದ ನೀರಿನ ಹನಿಯೊಳಗೆ, ಮೈತುಂಬ ಲೋಮಾಂಗಗಳೆಂಬ ಸೂಕ್ಷ್ಮ ರೋಮಗಳನ್ನು ಬೀಸುತ್ತ ಈಜುವ ಏಕಕೋಶಜೀವಿ ಪ್ಯಾರಮೀಸಿಯಂ ಕಂಡಾಗಲೂ ಆ ನಂಬಿಕೆ ಕದಲಲಿಲ್ಲ. ಕದಲಿಸಿದ್ದು ಬಟ್ಟೆ ವ್ಯಾಪಾರಿಯೊಬ್ಬನ ಜೀವನಕಥೆ.

ಆಂಟನಿ ವಾನ್ ಲೇವನ್‌ಹುಕ್ ಹುಟ್ಟಿದ್ದು 1632ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ; ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ತಾನೇ ರೂಪಿಸಿದ ಪುಟ್ಟ ಮಸೂರಗಳಲ್ಲಿ ಕಂಡ ಜಲಜೀವಿಗಳ ವಿವರವನ್ನು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಬರೆದ. ಅವುಗಳಲ್ಲಿ ಲೋಮಾಂಗಜೀವಿಗಳೂ ಇದ್ದವು. ಪಂಡಿತರು ಸಂಶಯಪಟ್ಟರು. ಮರುವರ್ಷ ರಾಬರ್ಟ್ ಹುಕ್ ತಾನೇ ಕಂಡು ದೃಢಪಡಿಸಿದ ಮೇಲೆ ಸಂಶಯ ಕರಗಿತು. 1680ರಲ್ಲಿ ಸೊಸೈಟಿ ಆತನಿಗೆ ಸದಸ್ಯತ್ವ ನೀಡಿತು.

ಅದೇ ವರ್ಷ ಆತ ಎರಡು ಗಾಜಿನ ನಳಿಕೆಗಳಲ್ಲಿ ಮೆಣಸಿನಪುಡಿ ಮತ್ತು ಮಳೆನೀರು ತುಂಬಿದ. ಒಂದನ್ನು ತೆರೆದಿಟ್ಟು, ಇನ್ನೊಂದರ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದ. ಮುಚ್ಚಿದ ನಳಿಕೆಯಲ್ಲಿ ಜೀವವಿರಲಾರದೆಂಬುದು ಆತನ ಎಣಿಕೆ. ಐದು ದಿನಗಳ ಬಳಿಕ ತೆರೆದರೆ ಅಲ್ಲಿಯೂ ಜೀವಿಗಳು ಚಲಿಸುತ್ತಿದ್ದವು! ಎಣಿಕೆ ಸುಳ್ಳಾದುದನ್ನು ಆತ ಮರೆಮಾಚದೆ ವರದಿ ಮಾಡಿದ. ಅರ್ಥ ಮಾಡಿಕೊಳ್ಳುವವರು ಇರಲಿಲ್ಲ. ಆಮ್ಲಜನಕವೇ ಪತ್ತೆಯಾಗಲು ಇನ್ನೂ ಸುಮಾರು ಒಂದು ಶತಮಾನ ಬೇಕಿತ್ತು. ಆಮ್ಲಜನಕರಹಿತ ಬದುಕನ್ನು ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದು 1861ರಲ್ಲಿ. ಬೈಯೆರಿಂಕ್ ಎಂಬ ಡಚ್ ವಿಜ್ಞಾನಿ 1913ರಲ್ಲಿ ನಳಿಕೆಯ ಪ್ರಯೋಗವನ್ನು ಪುನಃ ನಡೆಸಿ, ಅಲ್ಲಿ ಬೆಳೆಯುವವು ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಎಂದು ಖಚಿತಪಡಿಸಿದ.

ಲೋಮಾಂಗಜೀವಿಗಳ ಕಥೆಯೂ ಹೀಗೆಯೇ ನಿಧಾನದ್ದು. ವರ್ಗೀಕರಣದ ಪಿತಾಮಹ ಲಿನೇಯಸ್ ಕೂಡ 1767ರಲ್ಲಿ ಇಂಥ ಸೂಕ್ಷ್ಮಜೀವಿಗಳನ್ನು ‘ಕೇಯಾಸ್’, ಅಂದರೆ ಅವ್ಯವಸ್ಥೆ, ಎಂಬ ಕುಲಕ್ಕೆ ತಳ್ಳಿ ಕೈತೊಳೆದುಕೊಂಡ. ಕೆರೆಯ ತಳದ ಕೊಳೆತ ಕೆಸರಿಗೇ ಮೀಸಲಾದ ಜೀವಿಸಮುದಾಯವನ್ನು ಜರ್ಮನಿಯ ಲೌಟರ್‌ಬಾರ್ನ್ ಗುರುತಿಸಿದ್ದು 1901ರಲ್ಲಿ. ಅಲ್ಲಿನ ಮೆಟೋಪಸ್ ಕುಲದ ಜೀವಿಗಳಿಗೂ ಪ್ಯಾರಮೀಸಿಯಂನಂತೆ ಲೋಮಾಂಗಗಳಿವೆ, ಬಾಯಿಯಿದೆ, ಎರಡು ಬಗೆಯ ಕೋಶಕೇಂದ್ರಗಳಿವೆ. ಆದರೆ ಉಸಿರಾಟದ ಮೈಟೊಕಾಂಡ್ರಿಯಾ ಅಲ್ಲಿ ಜಲಜನಕ ಹೊಮ್ಮಿಸುವ ಅಂಗಕವಾಗಿ ಮಾರ್ಪಟ್ಟಿದೆ; ಕೋಶದೊಳಗೇ ನೆಲೆಸಿದ ಅತಿಥಿಜೀವಿಗಳು ಆ ಜಲಜನಕವನ್ನು ಬಳಸಿ ಮೀಥೇನ್ ಮಾಡುತ್ತವೆ.

ಲೇವನ್‌ಹುಕ್ 1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ. ಮಸೂರ ತಯಾರಿಕೆಯ ಗುಟ್ಟನ್ನು ಕೊನೆಯವರೆಗೂ ಬಿಟ್ಟುಕೊಡದ ಆತ, ತನ್ನ ಊಹೆ ತಪ್ಪಿದ್ದನ್ನು ಮಾತ್ರ ಬಚ್ಚಿಡಲಿಲ್ಲ. ತಪ್ಪಿದ ಊಹೆಗಳನ್ನು ದಾಖಲಿಸಲು ಅಂಜುವ ವಿದ್ಯಾವಂತರಾದ ನಾವು ಆತನಿಂದ ಕಲಿಯಬೇಕಾದುದು ಇದನ್ನೇ ಎಂದು ನನಗನ್ನಿಸುತ್ತದೆ.