ಚಹಾಗುರು ರಿಕ್ಯೂ

ಜಪಾನೀಯರು ಕಹಿಯಾದ ಹಸಿರು ಚಹವನ್ನು ಕುಡಿಯುವ ಮುನ್ನ, ಎರಡು ಮೂರು ತುತ್ತಿಗೆ ಮುಗಿದುಹೋಗುವ ಸಿಹಿಯೊಂದನ್ನು ತಿನ್ನುವರು. ಬಿಳಿಯ ಕಾಳಿನ ಹೂರಣವನ್ನು ಸಕ್ಕರೆಯೊಡನೆ ನಾದಿ, ವಸಂತದಲ್ಲಿ ಚೆರಿ ಹೂವಿನಂತೆ, ಶರತ್ಕಾಲದಲ್ಲಿ ಕೆಂಪೇರಿದ ಮೇಪಲ್ ಎಲೆಯಂತೆ ಅದನ್ನು ತಿದ್ದುವರು. ಇವುಗಳ ವಿಷಯ ಓದುತ್ತ ಹೋದಂತೆಲ್ಲ ನನಗೆ ಎದುರಾದ ಹೆಸರು ಸೆನ್ ನೋ ರಿಕ್ಯೂ. ವಿಚಿತ್ರವೆಂದರೆ, ಆತನ ಕಾಲಕ್ಕೆ ಅಂಥ ಬಣ್ಣದ ಸಿಹಿ ಹುಟ್ಟಿಯೇ ಇರಲಿಲ್ಲ.

ರಿಕ್ಯೂ 1522ರಲ್ಲಿ ಸಕಾಯಿ ಎಂಬ ರೇವುಪಟ್ಟಣದ ವರ್ತಕರ ಮನೆಯಲ್ಲಿ ಜನಿಸಿದ. ಟಕೆನೋ ಜೋಓ ಎಂಬ ಗುರುವಿನಲ್ಲಿ ಚಹದ ವಿದ್ಯೆ ಕಲಿತು, ಮೊದಲು ದಳಪತಿ ಓಡ ನೊಬುನಾಗನನ್ನೂ, 1582ರಲ್ಲಿ ಆತ ಮಡಿದ ಮೇಲೆ ಟೊಯೊಟೊಮಿ ಹಿಡೆಯೋಶಿಯನ್ನೂ ಸೇವಿಸಿದ.

ಆಗ ಸಕ್ಕರೆ ಹಡಗಿನಲ್ಲಿ ಬರುತ್ತಿದ್ದ ದುಬಾರಿ ವಸ್ತು. 1569ರಲ್ಲಿ ಪೋರ್ಚುಗೀಸ್ ಪಾದ್ರಿಯೊಬ್ಬ ನೊಬುನಾಗನಿಗೆ ಕೊಟ್ಟ ಕಾಣಿಕೆಯಲ್ಲಿ ಸಕ್ಕರೆ ಮಿಠಾಯಿಯ ಗಾಜಿನ ಭರಣಿಯೂ ಇತ್ತು! ರಿಕ್ಯೂ ಮಾತ್ರ ಅತಿಥಿಗಳ ಮುಂದೆ ಇಡುತ್ತಿದ್ದುದು ಚೆಸ್ಟ್‌ನಟ್ ಕಾಯಿ, ಇಲ್ಲವೆ ಫುನೋಯಾಕಿ. ಎಂದರೆ ಗೋಧಿಹಿಟ್ಟನ್ನು ನಮ್ಮ ತೆಳುದೋಸೆಯಂತೆ ಹುಯ್ದು, ಹುದುಗಿಸಿದ ಸೋಯಾ ಕಾಳಿನ ಮುದ್ದೆಯನ್ನು ಸವರಿ ಸುತ್ತಿದ ತಿನಿಸು. ದೊರೆಗಳ ಗುರುವಿಗೆ ಹಣವಿಲ್ಲದೆ ಹೀಗಾಯಿತೆಂದು ನಾನು ನಂಬಲಾರೆ. ಸ್ವಲ್ಪದರಲ್ಲಿಯೇ ತುಂಬುವುದು ಆತನ ಹಟ.

ಒಂದು ಐತಿಹ್ಯವುಂಟು. ರಿಕ್ಯೂನ ತೋಟದಲ್ಲಿ ಮುಂಜಾವಿಗೆ ಅರಳುವ ಬಳ್ಳಿಹೂಗಳ ಸೊಬಗನ್ನು ಕೇಳಿ ಹಿಡೆಯೋಶಿ ನೋಡಬಂದನಂತೆ. ತೋಟದಲ್ಲಿ ಒಂದು ಹೂವೂ ಇಲ್ಲ! ಸಿಟ್ಟಿನಿಂದ ಒಳಹೊಕ್ಕರೆ, ಚಹದ ಕೋಣೆಯಲ್ಲಿ ಒಂದೇ ಒಂದು ಹೂವು ಕಾದಿತ್ತು.

ಹಿಡೆಯೋಶಿಯೂ ಬಡಕುಲದಿಂದ ಮೇಲೇರಿದವನೇ. ಆದರೆ ಆತ ಕಟ್ಟಿಸಿಕೊಂಡದ್ದು ಚಿನ್ನದ ಚಹದ ಕೋಣೆ. ರಿಕ್ಯೂನದೆಂದು ಹೇಳುವ, ಯಮಜಾಕಿಯಲ್ಲಿ ಇಂದಿಗೂ ಉಳಿದಿರುವ ತಾಯಿಆನ್ ಕೋಣೆಯಾದರೋ ಎರಡು ಚಾಪೆಯಷ್ಟು. ಬಾಗಿಲು ಎರಡು ಅಡಿಗಿಂತ ತುಸು ಹೆಚ್ಚು. ಎಂಥ ಪ್ರಭುವೂ ಕತ್ತಿಯನ್ನು ಹೊರಗಿಟ್ಟು ತೆವಳಿಯೇ ಒಳಬರಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಆ ಕಿರುಬಾಗಿಲು ಬಹಳ ಹಿಡಿಸಿತು.

1591ರಲ್ಲಿ ಹಿಡೆಯೋಶಿ ಗುರುವಿಗೆ ಹೊಟ್ಟೆ ಬಗಿದುಕೊಂಡು ಸಾಯುವಂತೆ ಅಪ್ಪಣೆ ಮಾಡಿದ. ದೈತೊಕುಜಿ ಮಠದ ಹೆಬ್ಬಾಗಿಲ ಮೇಲೆ ರಿಕ್ಯೂನ ಮರದ ಪ್ರತಿಮೆಯಿಟ್ಟದ್ದೇ ಕಾರಣವೆನ್ನುವರು. ಅಷ್ಟೇ ಇರಲಾರದೆಂದು ವಿದ್ವಾಂಸರ ವಾದ. ಆತ ಆಜ್ಞೆಯನ್ನು ಪಾಲಿಸಿದ.

ನೂರು ವರ್ಷಗಳ ತರುವಾಯ ಸಕ್ಕರೆ ಹೆಚ್ಚು ಒದಗತೊಡಗಲು, ಕ್ಯೋಟೋ ನಗರದ ಮಿಠಾಯಿಗಾರರು ಋತುವಿಗೊಂದು ಆಕಾರವನ್ನೂ ಹೆಸರನ್ನೂ ಕಟ್ಟಿದರು. ರಿಕ್ಯೂನ ಮೊಮ್ಮಗ ಸೋತಾನನ ಮಕ್ಕಳಿಂದ ಬೆಳೆದ ಮೂರು ಚಹಾ ಮನೆತನಗಳು ಇಂದಿಗೂ ಇವೆ. ಮಾರ್ಚ್ ಕೊನೆಯಲ್ಲಿ ಆತನ ಪುಣ್ಯಸ್ಮರಣೆಗೆ ಸಾಸಿವೆ ಜಾತಿಯ ಹಳದಿ ಹೂವನ್ನು ಇಡುವರು. ಅದೇ ಹೂವಿನ ಹೆಸರಿನ ಹಳದಿ-ಹಸಿರು ಸಿಹಿಯೂ ಆ ಋತುವಿನಲ್ಲಿ ಅಂಗಡಿಗಳಿಗೆ ಬರುತ್ತದೆ.