ಬಾದಾಮಿ ಗೆದ್ದ ಮಾಮಲ್ಲ: ಪುಲಿಕೇಶಿಯನ್ನು ಸೋಲಿಸಿದ ಪಲ್ಲವ ದೊರೆ ನರಸಿಂಹವರ್ಮ ಯಾರು?

ಚೆನ್ನೈ: ಇಲ್ಲಿಂದ ಮಹಾಬಲಿಪುರಂಗೆ ಪ್ರವಾಸ ಹೋಗುವ ಕನ್ನಡಿಗರು ಪಂಚರಥಗಳ ಮುಂದೆ ಸೆಲ್ಫಿ ತೆಗೆದುಕೊಳ್ಳದೆ ವಾಪಸಾಗುವುದಿಲ್ಲ. ಆದರೆ ಆ ಊರಿಗೆ ಮಾಮಲ್ಲಪುರಂ ಎಂಬ ಹೆಸರು ಬರಲು ಕಾರಣನಾದ ದೊರೆಯೇ ನಮ್ಮ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿದವನು ಎಂಬುದು ಹಲವರಿಗೆ ಗೊತ್ತಿಲ್ಲ. ಆತನೇ ಪಲ್ಲವರ ಒಂದನೇ ನರಸಿಂಹವರ್ಮ. ಮಾಮಲ್ಲ ಎಂದರೆ ಮಹಾಮಲ್ಲ.

ತಂದೆಯ ಕಾಲದ ಅವಮಾನ

ನರಸಿಂಹವರ್ಮನ ತಂದೆ ಒಂದನೇ ಮಹೇಂದ್ರವರ್ಮ. ಆತನ ಕಾಲದಲ್ಲಿ ಪುಲಿಕೇಶಿಯ ಸೇನೆ ಕಂಚಿಯವರೆಗೂ ನುಗ್ಗಿತ್ತು. ಪಲ್ಲವ ದೊರೆ ಕೋಟೆಯ ಗೋಡೆಯ ಹಿಂದೆ ಅವಿತುಕೊಳ್ಳಬೇಕಾಯಿತು ಎಂದು ಕ್ರಿ.ಶ. 634ರ ಐಹೊಳೆ ಶಾಸನ ಹೇಳುತ್ತದೆ. ಸುಮಾರು 630ರಲ್ಲಿ ಪಟ್ಟವೇರಿದ ನರಸಿಂಹವರ್ಮನಿಗೆ ಈ ಹಗೆತನವೂ ಬಳುವಳಿಯಾಗಿ ಬಂತು.

ಮಣಿಮಂಗಲದಿಂದ ಬಾದಾಮಿಗೆ

ಪುಲಿಕೇಶಿ ಮತ್ತೆ ದಂಡೆತ್ತಿ ಬಂದಾಗ ಫಲಿತಾಂಶ ಬದಲಾಯಿತು. ಇಂದಿನ ಚೆನ್ನೈ ಹೊರವಲಯದ ತಾಂಬರಂ ಸಮೀಪದ ಮಣಿಮಂಗಲವೂ ಸೇರಿ ಹಲವೆಡೆ ಚಾಲುಕ್ಯರು ಸೋತರು. ಪಲ್ಲವ ಸೇನೆ ಅವರನ್ನು ಬೆನ್ನಟ್ಟಿ 642ರಲ್ಲಿ ರಾಜಧಾನಿ ಬಾದಾಮಿಯನ್ನೇ ವಶಪಡಿಸಿಕೊಂಡಿತು. ಪುಲಿಕೇಶಿ ಈ ಯುದ್ಧದಲ್ಲೇ ಮಡಿದ ಎಂದು ಇತಿಹಾಸಕಾರರು ಭಾವಿಸುತ್ತಾರೆ. ನರಸಿಂಹವರ್ಮ 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ. ಆತನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ.

ದಂಡಯಾತ್ರೆಯ ಸೇನಾನಿ ಪರಂಜೋತಿ ಮುಂದೆ ಶಿವಭಕ್ತನಾದ. 63 ನಾಯನ್ಮಾರರಲ್ಲಿ ಒಬ್ಬನಾದ ಸಿರುತ್ತೊಂಡನಾಯನಾರ್ ಆತನೇ ಎಂಬುದು ತಮಿಳು ಶೈವ ಪರಂಪರೆಯ ನಂಬಿಕೆ.

ಕಲ್ಲಿನಲ್ಲಿ ಉಳಿದ ಹೆಸರು

ಚೀನಾ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕಂಚಿಗೆ ಬಂದಿದ್ದು ಇದೇ ದೊರೆಯ ಕಾಲದಲ್ಲಿ. ಏಕಶಿಲೆಯಲ್ಲಿ ಕಡೆದ ಪಂಚರಥಗಳೂ ಈತನ ಕಾಲದವು ಎಂಬುದು ಸಾಮಾನ್ಯ ಅಭಿಪ್ರಾಯ. 1984ರಲ್ಲಿ ಮಹಾಬಲಿಪುರಂ ಸ್ಮಾರಕಗಳು ಯುನೆಸ್ಕೋ ಪಟ್ಟಿ ಸೇರಿದವು.

ಬಾದಾಮಿ ಮಾತ್ರ ಪಲ್ಲವರ ಕೈಯಲ್ಲಿ ಉಳಿಯಲಿಲ್ಲ. ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಸುಮಾರು 655ರ ಹೊತ್ತಿಗೆ ಅದನ್ನು ಮರಳಿ ಪಡೆದ. ಗೆದ್ದ ಊರು ಕೈತಪ್ಪಿದ್ದನ್ನು ನರಸಿಂಹವರ್ಮ ಬದುಕಿದ್ದಾಗಲೇ ನೋಡಬೇಕಾಯಿತು. ಸುಮಾರು 668ರಲ್ಲಿ ಆತನ ಆಳ್ವಿಕೆ ಮುಗಿಯಿತು.

ಮುಂದಿನ ಶತಮಾನದಲ್ಲಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ನಗರವನ್ನು ಹಾಳುಗೆಡವಲಿಲ್ಲ. ಕೈಲಾಸನಾಥ ದೇಗುಲದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಬಾದಾಮಿಯಲ್ಲಿ ಪಲ್ಲವರ ಶಾಸನ, ಕಂಚಿಯಲ್ಲಿ ಕನ್ನಡ ಶಾಸನ. ಎರಡನ್ನೂ ಇಂದಿಗೂ ನೋಡಬಹುದು.