ಪಾರ್ಕಿನ್ಸನ್ ಕಾಣದ ಬಣ್ಣಗಳು

ಜೇಮ್ಸ್ ಪಾರ್ಕಿನ್ಸನ್‌ನ ಹೆಸರು ಕೇಳದವರು ವಿರಳ. ಆತನ ಮುಖ ಬಲ್ಲವರು ಯಾರೂ ಇಲ್ಲ. ನಂಬಲರ್ಹವಾದ ಒಂದು ಭಾವಚಿತ್ರವೂ ಉಳಿದಿಲ್ಲ. ಗಡ್ಡಧಾರಿಯೊಬ್ಬನ ಛಾಯಾಚಿತ್ರವನ್ನು ಆತನದೆಂದು ಅಲ್ಲಲ್ಲಿ ಅಚ್ಚು ಹಾಕುವುದುಂಟು. ಆದರೆ ಆತ ತೀರಿಕೊಂಡ 1824ರ ವೇಳೆಗೆ ಮನುಷ್ಯರ ಛಾಯಾಚಿತ್ರ ತೆಗೆಯುವ ವಿದ್ಯೆಯೇ ಬಂದಿರಲಿಲ್ಲ.

ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ. ತಂದೆ ಅಲ್ಲಿನ ವೈದ್ಯ; ಮಗನೂ ಅದೇ ವೃತ್ತಿ ಹಿಡಿದು ಅಲ್ಲೇ ಬಾಳಿದ. ಸಂಸತ್ತಿನ ಸುಧಾರಣೆಗಾಗಿ, ಬಡವರ ಪರವಾಗಿ ‘ಓಲ್ಡ್ ಹ್ಯೂಬರ್ಟ್’ ಎಂಬ ಗುಪ್ತನಾಮದಲ್ಲಿ ಕಿರುಹೊತ್ತಿಗೆಗಳನ್ನು ಬರೆದ. ದೊರೆ ಮೂರನೆಯ ಜಾರ್ಜ್‌ನನ್ನು ವಿಷದ ಬಾಣದಿಂದ ಕೊಲ್ಲಲು ಸಂಚು ನಡೆದಿದೆಯೆಂಬ ಪ್ರಕರಣದಲ್ಲಿ 1794ರಲ್ಲಿ ಪ್ರಿವಿ ಕೌನ್ಸಿಲ್ ಆತನನ್ನು ಕರೆಸಿ ವಿಚಾರಿಸಿತು. ಪಳೆಯುಳಿಕೆಗಳ ಮೋಹವೂ ಇತ್ತು. 1804ರಿಂದ 1811ರ ನಡುವೆ ಆ ವಿಷಯದ ಮೇಲೆ ಮೂರು ಸಂಪುಟಗಳನ್ನೇ ಹೊರತಂದ. ಇಷ್ಟೆಲ್ಲ ಮಾಡಿದವನನ್ನು ಲೋಕ ನೆನೆಯುವುದು 1817ರಲ್ಲಿ ಪ್ರಕಟವಾದ, ನೂರು ಪುಟವೂ ಇಲ್ಲದ ಒಂದು ಪ್ರಬಂಧಕ್ಕಾಗಿ!

ನಡುಕದ ಲಕ್ವವನ್ನು ಕುರಿತ ಆ ಪ್ರಬಂಧಕ್ಕೆ ಆಧಾರ ಆರೇ ಜನ. ಅವರಲ್ಲಿ ಮೂವರನ್ನು ಆತ ಕಂಡದ್ದು ಬೀದಿಯಲ್ಲಿ. ಒಬ್ಬನನ್ನಂತೂ ದೂರದಿಂದ ಮಾತ್ರ. ಕೈಯ ನಡುಕ, ಮುಂದಕ್ಕೆ ಬಾಗಿದ ಮೈ, ನಡಿಗೆ ತಾನಾಗಿ ಓಟವಾಗುವ ಬಗೆ, ಎಲ್ಲವನ್ನೂ ಎಷ್ಟು ನಿಖರವಾಗಿ ಹಿಡಿದನೆಂದರೆ ಮುಂದೆ ಪ್ಯಾರಿಸ್ಸಿನ ಶಾರ್ಕೋ ಕಾಯಿಲೆಗೆ ಆತನ ಹೆಸರನ್ನೇ ಇಡಬೇಕೆಂದ. ಆದರೆ ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಬಾಧೆಯಿಲ್ಲವೆಂದು ಪಾರ್ಕಿನ್ಸನ್ ಅದೇ ಪ್ರಬಂಧದಲ್ಲಿ ಬರೆದ. ಇದನ್ನು ಆತನ ಉಪೇಕ್ಷೆಯೆನ್ನಲು ನನಗೆ ಮನಸ್ಸಾಗದು. ನಡೆಯುವವನ ಹೆಜ್ಜೆ ಬೀದಿಯಲ್ಲಿ ನಿಂತವನಿಗೆ ಕಂಡೀತು. ನಡೆಯುವವನಿಗೆ ಬೀದಿ ಹೇಗೆ ಕಾಣುತ್ತಿದೆಯೆಂಬುದು ಕಾಣುವುದು ಹೇಗೆ? ಶವಪರೀಕ್ಷೆಗಳಿಲ್ಲದೆ ತಾನು ಬರೆದದ್ದು ಬಹುಪಾಲು ಊಹೆಯೆಂದು ಆತನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದ.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಭತ್ತ ಬೆಳೆಯುತ್ತಿದ್ದ ನನ್ನ ದೊಡ್ಡಪ್ಪನವರಿಗೆ ಈ ಕಾಯಿಲೆಯಿತ್ತು. ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು. ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಆದರೂ ನೀಲಿ ಟವೆಲನ್ನು ಹಸಿರೆನ್ನುತ್ತಿದ್ದರು. ಬಿಳಿಯ ತಟ್ಟೆಯಲ್ಲಿ ಅನ್ನ ಎಲ್ಲಿ ಮುಗಿಯಿತೆಂದು ತಿಳಿಯದೆ ಬೆರಳಿನಿಂದ ತಡಕುತ್ತಿದ್ದರು. ಬಾಳೆಲೆಯಲ್ಲಿ ಬಡಿಸಿದರೆ ಸಲೀಸಾಗಿ ಉಣ್ಣುತ್ತಿದ್ದರು.

ಈ ಕಾಯಿಲೆಯವರ ಮಿದುಳಿನಲ್ಲಿ ಡೋಪಮಿನ್ ಕುಸಿದಿರುತ್ತದೆಂದು ವಿಯೆನ್ನಾದಲ್ಲಿ ಹಾರ್ನಿಕೀವಿಚ್ ತೋರಿಸಿದ್ದು 1960ರಲ್ಲಿ. ಅದೇ ರಾಸಾಯನಿಕ ಅಕ್ಷಿಪಟದಲ್ಲೂ ಇದೆ. ಬೆಳಕು ನೆರಳಿನ ಅಂತರವನ್ನು ತಿದ್ದಿ ತೀಡುವುದು ಅಲ್ಲಿ ಅದರ ಕೆಲಸ. ಅದು ಕಡಿಮೆಯಾದಾಗ ಕಪ್ಪಕ್ಷರದ ಪಟ ಓದಲು ಅಡ್ಡಿಯಾಗದಿದ್ದರೂ ಮಸುಕು ಅಂಚುಗಳು ಅಳಿಸಿಹೋಗುತ್ತವೆ, ನೀಲಿ ಹಸಿರಿನಂಥ ನೆರೆಯ ಛಾಯೆಗಳು ಒಂದರೊಳಗೊಂದು ಬೆರೆಯುತ್ತವೆ. 85 ಬಣ್ಣದ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಜೋಡಿಸಲು ಹೇಳಿ ಇದನ್ನು ಪರೀಕ್ಷಿಸುತ್ತಾರೆ. ಎಲ್ಲ ರೋಗಿಗಳಿಗೂ ಹೀಗಾಗುತ್ತದೆಂದಲ್ಲ. ತೊಂದರೆ ಕಣ್ಣಿಗಷ್ಟೇ ಸೀಮಿತವೂ ಅಲ್ಲ: ಕಂಡದ್ದನ್ನು ಅರ್ಥೈಸುವ ಮಿದುಳಿನ ಭಾಗಗಳೂ ಸೊರಗುವುದರಿಂದ ಕೆಲವರಿಗೆ ಪರದೆಯ ಮಡಿಕೆಗಳಲ್ಲಿ ಮುಖಗಳು, ಕೋಣೆಯಲ್ಲಿ ಇಲ್ಲದ ಮಕ್ಕಳು ಕಾಣುತ್ತಾರೆ. ಔಷಧಗಳಿಂದಲೂ ಹೀಗಾಗುವುದುಂಟು. ಹುಚ್ಚೆಂದಾರು ಎಂಬ ಅಂಜಿಕೆಯಿಂದ ಹಿರಿಯರು ಇದನ್ನು ಬಾಯಿ ಬಿಡುವುದಿಲ್ಲ. ಮನೆಯವರೇ ಮೆಲ್ಲಗೆ ಕೇಳಿ ವೈದ್ಯರಿಗೆ ತಿಳಿಸಬೇಕು.

ಇದೇ ನೋಟ ಕೆಲವೊಮ್ಮೆ ಊರುಗೋಲೂ ಆಗುತ್ತದೆ. ಕಾಲು ನೆಲಕ್ಕಂಟಿದಂತೆ ಥಟ್ಟನೆ ನಿಂತುಬಿಡುವ ಎಷ್ಟೋ ರೋಗಿಗಳು, ನೆಲದ ಮೇಲೆ ಎದ್ದುಕಾಣುವ ಅಡ್ಡಗೆರೆಗಳನ್ನು ಎಳೆದರೆ ಒಂದೊಂದನ್ನೇ ದಾಟುತ್ತ ನಡೆಯಬಲ್ಲರು. ದೊಡ್ಡಪ್ಪನವರ ಪಡಸಾಲೆಯ ಕಪ್ಪು ಕಲ್ಲಿನ ಮೇಲೆ, ಅಡುಗೆಮನೆಯ ಬಾಗಿಲವರೆಗೂ, ಸುಣ್ಣದ ಅಂಥ ಗೆರೆಗಳಿದ್ದವು.